ಆಫೀಸಿನಲ್ಲಿ ಮುಯ್ಯಾಳು

ನಮ್ಮ ಮ್ಯಾನೇಜರ್‌ಗೆ ಮ್ಯಾನೇಜ್‌ಮೆಂಟ್ ಎನ್ನುವುದರ ಗಂಧಗಾಳಿಯೂ ಇಲ್ಲ. ಬೆನ್ನ ಹಿಂದೆ ಆಡುವ ಮಾತೆಂದು ತಿಳಿಯಬೇಡಿ, ಮುಖದ ಮೇಲೆಯೇ ಹೇಳಿದ್ದೇನೆ. ಬಹುಮಾನ ಬಂದವರ ಹಾಗೆ ನಕ್ಕು, ನನಗೊಂದು ಟೀ ಕೊಡಿಸಿದರು!

ಅವರ ಮೂಲ ಅರಕಲಗೂಡು ಕಡೆ. ಹಾಸನದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸು, ಹೆಡ್ಡಾಫೀಸು ಬೆಂಗಳೂರಿನಲ್ಲಿ. ಪ್ರೋಗ್ರಾಂನಲ್ಲಿ ತಪ್ಪು ಮಾಡಿದವರನ್ನು ಬೈಯುವುದು ಲೋಕರೂಢಿ ತಾನೇ? ಇವರ ಕಾನೂನೇ ಬೇರೆ. ತಪ್ಪನ್ನು ತಾನಾಗಿ ಒಪ್ಪಿಕೊಂಡರೆ ಬೈಗುಳವಿಲ್ಲ, ಮಾರನೆಯ ದಿನ ಎಲ್ಲರಿಗೂ ಕೋಡುಬಳೆ ತಂದರೆ ಆಯಿತು. ಹೀಗಾಗಿ ನಮ್ಮಲ್ಲಿ ತಪ್ಪು ಮುಚ್ಚಿಡುವವರೇ ಇಲ್ಲ. ಹೊಳೆನರಸೀಪುರದ ನಮ್ಮ ಗೆಳೆಯನಂತೂ ಒಮ್ಮೆ ನನ್ನ ತಪ್ಪನ್ನೂ ತನ್ನದೆಂದು ಒಪ್ಪಿಕೊಂಡುಬಿಟ್ಟ. ಎಂಥ ತ್ಯಾಗಿ ಎಂದು ನನ್ನ ಕಣ್ಣು ತುಂಬಿತು. ಆಮೇಲೆ ತಿಳಿಯಿತು, ಅವರಮ್ಮ ಹಬ್ಬಕ್ಕೆ ಕರಿದ ಕೋಡುಬಳೆ ಡಬ್ಬಿಗಟ್ಟಲೆ ಉಳಿದಿತ್ತಂತೆ!

ಒಮ್ಮೆ ಹೆಡ್ಡಾಫೀಸಿನಿಂದ ಒಬ್ಬರು ತರಬೇತುದಾರರು ಬಂದರು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಜೊತೆಯವರು ಹಿಡಿಯಬೇಕು, ಅದರಿಂದ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೆಳೆಯುತ್ತದೆ ಎಂದರು. ನಮ್ಮ ಮ್ಯಾನೇಜರ್ ಆಳು ಭಾರಿ. ಹಿಡಿಯುವವರಿಗೆ ಮೊದಲು ಊಟವಾಗಲಿ ಎಂದು ಎಲ್ಲರನ್ನೂ ಮುದ್ದೆ ಊಟಕ್ಕೆ ಕರೆದೊಯ್ದರು. ಉಂಡು ಬಂದ ಮೇಲೆ ತರಬೇತುದಾರರು ಕುರ್ಚಿಯಲ್ಲೇ ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದರು. ನಾವು ಎಬ್ಬಿಸಲಿಲ್ಲ.

ಇದೆಲ್ಲ ಬಿಡಿ, ಅವರ ದೊಡ್ಡ ಹುಚ್ಚು ಎಂದರೆ ಮುಯ್ಯಾಳು. ಹಳ್ಳಿ ಕಡೆಯವರಿಗೆ ಗೊತ್ತಿರುತ್ತದೆ: ಇವತ್ತು ನಾವೆಲ್ಲ ನಿಮ್ಮ ಹೊಲಕ್ಕೆ, ನಾಳೆ ನೀವೆಲ್ಲ ನಮ್ಮ ಹೊಲಕ್ಕೆ, ಕೂಲಿ ಗೀಲಿ ಇಲ್ಲ, ಹೊಲದವರು ಊಟ ಹಾಕಬೇಕು. ಇದನ್ನು ಕಂಪ್ಯೂಟರಿಗೆ ತಂದವರನ್ನು ಎಲ್ಲಾದರೂ ಕಂಡಿದ್ದೀರಾ? ಸರದಿಯ ಪ್ರಕಾರ ಒಬ್ಬರ ಮೇಜಿನ ಸುತ್ತ ನಾವೆಲ್ಲ ಕುರ್ಚಿ ಎಳೆದುಕೊಂಡು ಕೂತು ಅವರ ಕೆಲಸವನ್ನೇ ಮಾಡಬೇಕು. ಅವತ್ತಿನ ಊಟ ಅವರದು. ನನಗೋ ಮೈ ಉರಿಯುತ್ತಿತ್ತು. ನನ್ನ ಕೆಲಸ ನಾನು ಮಾಡಿ ಹೆಸರು ತೆಗೆದುಕೊಳ್ಳುವುದು ಬಿಟ್ಟು ಇದೇನು ಕರ್ಮ ಎಂದು ಗೊಣಗುತ್ತಿದ್ದೆ. ಗೊಣಗುತ್ತಲೇ ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹೆಡ್ಡಾಫೀಸಿನ ಸಾಹೇಬರು ತಂಡಕ್ಕೊಬ್ಬರಂತೆ ಕೆಲಸದಿಂದ ತೆಗೆಯುತ್ತೇವೆ, ಎಲ್ಲರಿಗಿಂತ ಹಿಂದಿರುವವರ ಹೆಸರು ಕೊಡಿ ಎಂದರು. ಯಾರ ತಲೆದಂಡ ಎಂದು ನಮಗೆಲ್ಲ ಗೊತ್ತಿತ್ತು. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಸಹೋದ್ಯೋಗಿ, ಹೆರಿಗೆ ರಜೆ ಮುಗಿಸಿ ಬಂದವಳು. ಮಗುವಿಗೆ ಜ್ವರ ಬಂದರೆ ರಜೆ, ಬಸ್ಸು ಕೆಟ್ಟರೆ ತಡ. ಗಂಡನ ಅಂಗಡಿ ಮುಚ್ಚಿ ಹೋಗಿ ಮನೆ ನಿಂತಿದ್ದೇ ಅವಳ ಸಂಬಳದ ಮೇಲೆ. ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು ಪಾಪ.

ಮ್ಯಾನೇಜರ್ ನಮ್ಮೆದುರೇ ಫೋನ್ ಮಾಡಿದರು. "ಸಾ, ರಾಗಿ ಕುಯ್ಯೋವಾಗ ಒಬ್ರು ಇಂದಕ್ಕೆ ಬಿದ್ರೆ ಪಕ್ಕದೋರು ಆ ಸಾಲ್ಗೂ ಕುಡ್ಲು ಆಕ್ತಾರೆ. ಆಮೇಲೆ ಯಾವ ಸಾಲು ಯಾರ್ದು ಅಂತ ನಾನೆಂಗೆ ಯೋಳ್ಲಿ?"

ಸಾಹೇಬರಿಗೆ ರಾಗಿಯೂ ಗೊತ್ತಿಲ್ಲ, ಕುಡುಗೋಲೂ ಗೊತ್ತಿಲ್ಲ. ಪಶು ಆಹಾರದ ಕಂಪನಿಗೆ ನಾವು ಮಾಡಿದ ಆ್ಯಪನ್ನು ಆ ವಾರವೇ ಕಂಪನಿಯವರಿಗೆ ತೋರಿಸಬೇಕಿತ್ತು. ಅದು ಗೆದ್ದರೆ ಸರಿ, ಸೋತರೆ ಅವಳ ಜೊತೆ ನೀವೂ ಹೊರಡಿ ಎಂದುಬಿಟ್ಟರು.

ತೋರಿಸುವ ದಿನ ಬೆಳಿಗ್ಗೆ ಆ್ಯಪಿನ ಮುಕ್ಕಾಲು ಭಾಗ ಬರೆದ ಹೊಳೆನರಸೀಪುರದ ತ್ಯಾಗಿ ಜ್ವರದಿಂದ ಮೇಲೇಳಲಿಲ್ಲ! ಬೆಂಗಳೂರಿನಿಂದ ವಿಡಿಯೋದಲ್ಲಿದ್ದ ಸಾಹೇಬರು ಸ್ಕ್ರೀನಿನಲ್ಲೇ ಬೆವೆತರು, ಮುಂದಕ್ಕೆ ಹಾಕೋಣ ಎಂದರು. ಮ್ಯಾನೇಜರ್ ಚನ್ನರಾಯಪಟ್ಟಣದವಳ ಕಡೆ ತಿರುಗಿ, "ನೀ ತೋರ್ಸವ್ವ" ಎಂದರು.

ಅವಳು ಎದ್ದಳು, ತೋರಿಸಿದಳು. ಎಲ್ಲರ ಮೇಜಿನ ಬಳಿಯೂ ಕೂತು ಎಲ್ಲರ ಕೆಲಸಕ್ಕೂ ಕೈ ಹಾಕಿದವಳಲ್ಲವೇ? ಕಂಪನಿಯವರು ಮೂಲೆ ಮೂಲೆ ಕೆದಕಿ ಕೇಳಿದರು, ಒಂದಕ್ಕೂ ತಡವರಿಸಲಿಲ್ಲ. ನಡುವೆ ಒಂದು ಬಟನ್ ಕೈಕೊಟ್ಟಾಗ ನಾವು ನಾಲ್ವರು ಒಟ್ಟಿಗೇ ಎದ್ದು, ಕಾಫಿ ಮುಗಿಯುವುದರೊಳಗೆ ಸರಿ ಮಾಡಿದೆವು. ಮುಂದಿನ ಕೆಲಸವೂ ನಿಮಗೇ ಎಂದು ಅವರು ಕೈ ಕುಲುಕಿದಾಗ ನಾನು ಹಾಕಿದ ಸಿಳ್ಳಿಗೆ ಕೆಳಗಿನ ಬೇಕರಿಯವರು ಮೇಲಕ್ಕೆ ಓಡಿ ಬಂದರು!

ಸಾಹೇಬರು ಹೆಸರು ಕೇಳುವುದನ್ನು ಅವತ್ತೇ ಬಿಟ್ಟರು. ಈ ಪದ್ಧತಿಯನ್ನು ಎಲ್ಲ ಮ್ಯಾನೇಜರುಗಳಿಗೂ ಕಲಿಸಬೇಕು, ಸ್ಲೈಡ್ ಮಾಡಿ ಕಳಿಸಿ ಎಂದರು. ನಮ್ಮವರು ಒಂದೇ ಸ್ಲೈಡ್ ಕಳಿಸಿದರು. ಅದರಲ್ಲಿ ನಾವೆಲ್ಲ ಬಾಳೆಲೆ ಮುಂದೆ ಕೂತ ಫೋಟೋ. ಮಿಕ್ಕಿದ್ದೆಲ್ಲಿ ಎಂದು ಸಾಹೇಬರು ಕೇಳಿದರೆ, ಮಿಕ್ಕಿದ್ದನ್ನು ಉಂಡಾಯಿತು ಎಂದು ಉತ್ತರ ಹೋಯಿತು.

ಸಂಜೆ ಬಸ್ಸಿಗೆ ಹೊರಟವಳು ಮ್ಯಾನೇಜರ್ ಮುಂದೆ ನಿಂತು, "ಈ ಋಣ ಎಂಗೆ ತೀರುಸ್ಲಿ ಸಾ" ಎಂದಳು. ಸದಾ ನಗುವ ಮನುಷ್ಯ ನಗಲಿಲ್ಲ.

"ನಮ್ಮಪ್ಪ ತೀರೋದ ವರ್ಸ ರಾಗಿ ವಲದಲ್ಲೇ ನಿಂತಿತ್ತು ಕಣವ್ವ. ಊರೋರೆಲ್ಲ ಬಂದು ಕುಯ್ದು ಕೊಟ್ರು. ನಮ್ಮವ್ವ ಮುಯ್ಯಿ ತೀರ್ಸಕ್ಕೆ ಅಂತ ಕುಡ್ಲು ಇಡ್ಕೊಂಡು ಒಂದೊಂದ್ ವಲಕ್ಕೂ ಓದ್ಲು. ಯಾರೂ ಕೆಲ್ಸಕ್ಕೆ ಇಳಿಸ್ಲಿಲ್ಲ. ಉಂಡ್ಕೊಂಡು ಓಗವ್ವ, ಅಂದ್ರು."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ನಾನು ತೀರ್ಸಾವಾ ಅಂದ್ರೆ, ಊರಲ್ಲಿ ರಾಗೀನ ಮಿಸೀನು ಕುಯ್ತದೆ. ಎಲ್ಲಿಗೆ ಓಗ್ಲಿ ಯೋಳು?"