ಬಾಯಿಲ್ಲದ ಪೆಟ್ಟಿಗೆ

ಡೋರೀನಳ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ವರ್ಲಿನ್ ಅಂದು ರೇಡಿಯೋ ಸ್ಕ್ಯಾನರ್ ಕೊಳ್ಳಲು ಹೊರಟದ್ದು.

ಒಹಾಯೋದ ಆ ಪುಟ್ಟ ಊರಿನಲ್ಲಿ ಅವನ ಮಗಳು ಟೆಸ್ ಆಂಬುಲೆನ್ಸ್ ಓಡಿಸುತ್ತಿದ್ದಳು. ಅವಳು ಕ್ಷೇಮವಾಗಿ ಆಂಬುಲೆನ್ಸ್ ಠಾಣೆಗೆ ಮರಳಿದಳೆಂದು ತಿಳಿಯುವವರೆಗೆ ಅವನಿಗೆ ಊಟ ಗಂಟಲಲ್ಲಿ ಇಳಿಯದು. ಫೋನ್ ಮಾಡಿದರೆ ಅವಳು ಎತ್ತಳು. ಪಕ್ಕದ ಮನೆಯ ಡೋರೀನ್, ಆಂಬುಲೆನ್ಸ್‌ನವರ ರೇಡಿಯೋ ಮಾತನ್ನು ತನ್ನ ಸ್ಕ್ಯಾನರ್‌ನಲ್ಲಿ ಕೇಳಿ, ದಿನಾ ಸಂಜೆ ಬಂದು ಸುದ್ದಿ ಮುಟ್ಟಿಸುತ್ತಿದ್ದಳು. ಸುದ್ದಿ ಒಂದೇ ಮಾತಿನದು. ಅದರ ಬೆನ್ನಿಗೆ ಅವಳ ಮಂಡಿನೋವು, ಸೊಸೆಯ ಅಡುಗೆ, ಚರ್ಚಿನ ಜಗಳ ಎಲ್ಲ ಬಂದು ಕೂರುತ್ತಿದ್ದವು.

ಅಂಗಡಿಯ ಗ್ಲೆನ್ ಎರಡು ಸ್ಕ್ಯಾನರ್ ಮುಂದಿಟ್ಟ. "ಈ ಚಿಕ್ಕದ್ರಲ್ಲಿ ಡಿಜಿಟಲ್ ಬರಲ್ಲ. ನಮ್ಮ ಕೌಂಟಿಯ ಆಂಬುಲೆನ್ಸ್ ರೇಡಿಯೋ ಈಗ ಪೂರ್ತಿ ಡಿಜಿಟಲ್ಲು."

"ಅವನ ಮಾತು ಕೇಳಬೇಡ ಮಾರಾಯ, ಚಿಕ್ಕದೇ ಸಾಕು," ಎಂದು ಹಿಂದಿನಿಂದ ವೆಂಡೆಲ್ ಹೇಳಿದ. ಅಗ್ನಿಶಾಮಕದಳದಿಂದ ನಿವೃತ್ತನಾದ ಮೇಲೆ ಅವನಿಗೆ ಸಲಹೆ ಕೊಡುವುದೇ ಉದ್ಯೋಗ.

ವರ್ಲಿನ್ ಚಿಕ್ಕದನ್ನೇ ಕೊಂಡ. ವೆಂಡೆಲ್ ಅವನ ಮನೆಯವರೆಗೂ ಬಂದು ತಾನೇ ಗುಂಡಿ ತಿರುಗಿಸಿದ. ಗೊರಗೊರ ಸದ್ದಿನ ನಡುವೆ ಒಂದು ದನಿ: "ಎರಡು. ಒಂದಕ್ಕೆ ಈರುಳ್ಳಿ ಬೇಡ."

"ಸಂಕೇತ ಭಾಷೆ," ವೆಂಡೆಲ್ ಪಿಸುಗುಟ್ಟಿದ. "ಇಬ್ಬರಿಗೆ ಪೆಟ್ಟು. ಒಬ್ಬನಿಗೆ ಪ್ರಜ್ಞೆ ಇಲ್ಲ."

ವರ್ಲಿನ್ ಕಾರಿನ ಕೀಲಿಗೆ ತಡಕಾಡುವಷ್ಟರಲ್ಲಿ ಪೆಟ್ಟಿಗೆ ಮತ್ತೆ ಮಾತಾಡಿತು: "ಜೊತೆಗೆ ಫ್ರೈಸ್ ಕೊಡ್ಲಾ, ಪಾದ್ರಿಗಳೇ?"

ಅದು ಹೆದ್ದಾರಿ ಪಕ್ಕದ ಬರ್ಗರ್ ಅಂಗಡಿಯಲ್ಲಿ ಕಾರಿನವರ ಆರ್ಡರ್ ಪಡೆಯುವ ಕಿಟಕಿಯ ಮೈಕು. ಪಾದ್ರಿಗಳು ಪಥ್ಯದಲ್ಲಿದ್ದಾರೆಂದು ಊರೆಲ್ಲ ನಂಬಿತ್ತು.

ವರ್ಲಿನ್ ಮತ್ತೆ ಗ್ಲೆನ್‌ನ ಅಂಗಡಿಗೆ ಹೋಗಿ ದೊಡ್ಡ ಸ್ಕ್ಯಾನರ್ ತಂದ. ವೆಂಡೆಲ್ ಕೆಳಗೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದರೆ, ಇವನು ಮಾಡಿನ ಮೇಲೆ ಆಂಟೆನಾ ಕಟ್ಟಿದ, ಪ್ಯಾಂಟು ಹರಿದುಕೊಂಡ. ಇಳಿದು ಬಂದರೆ ಪೆಟ್ಟಿಗೆ ತುಟಿಪಿಟಕ್ಕೆನ್ನಲಿಲ್ಲ.

ವೆಂಡೆಲ್ ತನ್ನ ಹಳೆಯ ಠಾಣೆಗೆ ಫೋನ್ ಮಾಡಿ ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು. "ಹೊರಗಿನವರಿಗೆ ಕೇಳದ ಹಾಗೆ ರೇಡಿಯೋ ಮಾತಿಗೆ ಬೀಗ ಹಾಕಿದಾರಂತೆ. ಚಳಿಗಾಲದಿಂದಲೇ. ಇನ್ನು ಯಾವ ಪೆಟ್ಟಿಗೆ ತಂದ್ರೂ ಅಷ್ಟೇ," ಎಂದವನೇ ಟೋಪಿ ಹಾಕಿಕೊಂಡು ಜಾಗ ಖಾಲಿ ಮಾಡಿದ.

ಸಂಜೆ ಎಂದಿನಂತೆ ಡೋರೀನ್ ಬಂದಳು. "ಟೆಸ್ ಠಾಣೆಗೆ ಬಂದ್ಲು. ಇನ್ನು ಊಟ ಮಾಡು."

"ಬೀಗ ಹಾಕಿದಾರಲ್ಲ, ನಿನಗೆ ಹೇಗೆ ಕೇಳಿಸ್ತು?"

ಡೋರೀನ್ ಕುರ್ಚಿ ಎಳೆದುಕೊಂಡಳು. "ನನ್ನ ಪೆಟ್ಟಿಗೆ ಸತ್ತು ಎಷ್ಟು ಕಾಲ ಆಯ್ತೋ. ಟೆಸ್ಸೇ ದಿನಾ ಫೋನ್ ಮಾಡ್ತಾಳೆ, ಅಪ್ಪಂಗೆ ಹೇಳಿಬಿಡಿ ಅಂತ."

"ನನಗೇ ಮಾಡಬಹುದಲ್ಲ?"

ಎಂದೂ ಮಾತಿಗೆ ತಡವರಿಸದ ಡೋರೀನ್ ತಡವರಿಸಿದಳು. "ಮಾಡಬಹುದು. ಆದ್ರೆ ಅಪ್ಪ ಮಾತಿಗೆ ಹಿಡಿದ್ರೆ ಗಂಟೆಗಟ್ಟಲೆ ಬಿಡಲ್ಲ ಅಂತಾಳೆ."

ವರ್ಲಿನ್‌ಗೆ ನಿಜಕ್ಕೂ ನೋವಾಯಿತು. ಆ ಮೂಕ ಪೆಟ್ಟಿಗೆಯ ಗುಂಡಿ ಆರಿಸಿದ. ಆಮೇಲೆ ಎದ್ದು ಇಬ್ಬರಿಗೂ ಕಾಫಿ ಬಗ್ಗಿಸಿದ.

"ಮಂಡಿನೋವು ಹೇಗಿದೆ?" ಎಂದು ಕೇಳಿದ.