ದೊಡ್ಡಕ್ಕನ ಕಣ್ಣೀರಿಗೆ ನಲವತ್ತು ಸಾವಿರ ವೀಕ್ಷಕರು

ಮೂರು ತಿಂಗಳಲ್ಲಿ ಒಂದು ಲಕ್ಷ ಜನರನ್ನು ಅಳಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅಲ್ಲಿ ನನ್ನದು ಮುಂಬಾಗಿಲ ಮೇಜಿನ ಕೆಲಸ. ಬಂದವರ ಹೆಸರು ಬರೆದುಕೊಳ್ಳುವುದು, ಕೂರಿಸುವುದು, ಸರದಿ ಬಂದಾಗ ಕರೆಯುವುದು. ಒಂದು ದಿನ ನಾನು "ಮುಂದಿನವರು ಒಳಗೆ ಬನ್ನಿ" ಎಂದೆ. ಮುಂದಿನವರು ಎದ್ದು ಹೊರಗೆ ಹೋದರು. ಆ ವಾರದಲ್ಲಿ ಅದು ಮೂರನೆಯ ಸಲ.

ಡಾಕ್ಟರು ನನ್ನನ್ನು ಒಳಗೆ ಕರೆದರು. "ನೋಡಮ್ಮ, ತಪ್ಪು ತಿಳ್ಕೋಬೇಡ. ನಿನ್ನ ಧ್ವನೀಲಿ ಒಂಥರಾ ಸಾವಿನ ಸುದ್ದಿ ಇರುತ್ತೆ. ಹಲ್ಲು ಕೀಳಿಸ್ಕೊಳ್ಳೋಕೆ ಬಂದವರು ಮನೆಗೆ ಫೋನ್ ಮಾಡಿ, ಇಷ್ಟು ದಿನ ಬೈದಿದ್ದಕ್ಕೆ ಕ್ಷಮಿಸಿಬಿಡು ಅಂತಿದ್ದಾರೆ."

ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ನನಗೆ ಜ್ಞಾನೋದಯವಾಯಿತು. ಇಂಥ ಕಂಠವನ್ನು ಹಲ್ಲು ನೋವಿನವರ ಮುಂದೆ ಪೋಲು ಮಾಡುತ್ತಿದ್ದೇನಲ್ಲ! ಸಂಜೆ ಮನೆಗೆ ಬಂದವಳೇ ನನ್ನವರ ಮುಂದೆ ಘೋಷಿಸಿದೆ.

"ರೀ, ನಾನು ಚಾನೆಲ್ ಶುರು ಮಾಡ್ತೀನಿ. ನಿಜ ಜೀವನದ ದುರಂತ ಕಥೆಗಳು. ಹೆಸರು ‘ಒದ್ದೆ ಕರವಸ್ತ್ರ’."

"ಶೀತ ಆದವರೇ ಜಾಸ್ತಿ ನೋಡ್ತಾರೆ," ಎಂದರು ಅವರು.

ನನ್ನವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಊಟದ ತಟ್ಟೆಯಲ್ಲೂ ತಪ್ಪು ಕಾಣುವ, ಕೆಂಪು ಪೆನ್ನು ಕೈಗೆ ಸಿಗದೆ ಸುಮ್ಮನಾಗುವ ಮನುಷ್ಯ. ನನ್ನ ಕಥೆಗಳನ್ನೂ ಅವರೇ ತಿದ್ದಿಕೊಟ್ಟರು. ಮೊದಲನೆಯದು ನಮ್ಮ ಬೀದಿಯ ಬೇಕರಿಯವನ ಒಲೆ ಸಿಡಿದ ಕಥೆ. ಎರಡನೆಯದು ಕ್ಲಿನಿಕ್ಕಿಗೆ ಬರುತ್ತಿದ್ದ ವೃದ್ಧ ಗಾಯಕರದು. ಮುಂದಿನ ಎರಡು ಹಲ್ಲು ಹೋದ ಮೇಲೆ ಅವರಿಗೆ ಏಳು ಸ್ವರಗಳಲ್ಲಿ ‘ಸ’ ಒಂದು ಹೊರಡುತ್ತಿರಲಿಲ್ಲ.

"ಕಣ್ಣೀರ ಕೋಡಿ ಒಂದೇ ಪುಟದಲ್ಲಿ ನಾಲ್ಕು ಸಲ ಹರಿದಿದೆ," ಎಂದರು ನನ್ನವರು, "ಕೇಳೋರು ಕೊಚ್ಚಿಕೊಂಡು ಹೋಗ್ತಾರೆ."

ಯಾರೂ ಕೊಚ್ಚಿಕೊಂಡು ಹೋಗಲಿಲ್ಲ. ನೋಡಿದವರು ಹನ್ನೊಂದು ಮಂದಿ, ಅದರಲ್ಲಿ ಒಂಬತ್ತು ಸಲ ನೋಡಿದವಳು ನಾನು. ಒಂದು ಕಾಮೆಂಟು ಬಂತು: ಹಲ್ಲು ಬಿಟ್ಟು ನಗುವ ಮುಖ.

ಆಗ ನನಗೆ ಹೊಳೆದದ್ದು ದೊಡ್ಡಕ್ಕ.

ದೊಡ್ಡಕ್ಕ ಎಂದರೆ ನನ್ನವರ ಅಕ್ಕ. ಇಪ್ಪತ್ತಾರು ವರ್ಷದ ಹಿಂದೆ, ಮದುವೆಯ ಹಾಲ್ ತುಂಬ ಜನ ಕೂತಿದ್ದಾಗ, ಗಂಡು ಬರಲಿಲ್ಲವಂತೆ. ದೊಡ್ಡಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಮೂರು ದಿನ ಅತ್ತರಂತೆ. ಆಮೇಲೆ ಮದುವೆಯ ಮಾತೇ ಎತ್ತಲಿಲ್ಲ. ನಮ್ಮತ್ತೆ ಒಮ್ಮೆ ಬಟ್ಟೆ ಮಡಿಸುತ್ತ ಇಷ್ಟು ಹೇಳಿ, "ಇದನ್ನ ಯಾರ ಮುಂದೇನೂ ಬಾಯಿ ಬಿಡಬೇಡ" ಎಂದಿದ್ದರು. ನಾನು ಯಾರೊಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಎಲ್ಲರ ಮುಂದೆ ಒಟ್ಟಿಗೇ ಬಿಟ್ಟೆ.

ಈಗ ದೊಡ್ಡಕ್ಕನಿಗೆ ಐವತ್ತೊಂದು. ಎರಡು ಕಾರು ಇಟ್ಟುಕೊಂಡು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಅವರು "ಕ್ಲಚ್" ಎಂದರೆ ಪಕ್ಕದ ಬೀದಿಯ ಸ್ಕೂಟರುಗಳೂ ನಿಲ್ಲುತ್ತವೆ. ಇದು ದುರಂತಕ್ಕೆ ಹೊಂದುವ ವಿವರವಲ್ಲ, ಆದ್ದರಿಂದ ಕೈಬಿಟ್ಟೆ. ನನ್ನ ಕಥೆಯಲ್ಲಿ ಅವರು ಕಿಟಕಿಯ ಪಕ್ಕ ಕೂತು, ಬಾರದವನ ದಾರಿ ಕಾಯುತ್ತ, ಕೂದಲು ಬೆಳ್ಳಗೆ ಮಾಡಿಕೊಂಡರು. ಹಳೆಯ ಆಲ್ಬಮ್ಮಿನಿಂದ ನಿಶ್ಚಿತಾರ್ಥದ ಫೋಟೋ ತೆಗೆದು, ಇಬ್ಬರ ಕಣ್ಣಿಗೂ ಕಪ್ಪು ಪಟ್ಟಿ ಎಳೆದೆ. ಗುರುತು ಸಿಗಬಾರದು ನೋಡಿ, ನನಗೂ ಒಂದು ಧರ್ಮಸೂಕ್ಷ್ಮವಿದೆ!

ಇದೊಂದನ್ನು ಮಾತ್ರ ನನ್ನವರಿಗೆ ತಿದ್ದಲು ಕೊಡಲಿಲ್ಲ. ಮಂಗಳವಾರ ಅವರು ಕೆಲಸಕ್ಕೆ ಹೊರಟ ಮೇಲೆ ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು, ಹನ್ನೆರಡು ನಿಮಿಷ ಮಾತಾಡಿ, ‘ಕಿಟಕಿಯ ಬಳಿ ಕಾದೇ ಇದ್ದಾಳೆ: ಮದುವೆಯ ದಿನ ಓಡಿಹೋದ ದ್ರೋಹಿ’ ಎಂದು ಹೆಸರಿಟ್ಟು ಹಾಕಿಬಿಟ್ಟೆ.

ಬುಧವಾರ ಕ್ಲಿನಿಕ್ಕಿಗೆ ರಜೆ. ಬೆಳಿಗ್ಗೆ ನೋಡಿದರೆ ನಾಲ್ಕು ಸಾವಿರ ಜನ ನೋಡಿದ್ದರು. ಹತ್ತು ಗಂಟೆಗೆ ಹನ್ನೊಂದು ಸಾವಿರ. ಹನ್ನೊಂದು ಸಾವಿರದವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ. ಹನ್ನೆರಡು ಸಾವಿರವಾದಾಗ ಕಾಲು ನೆಲಕ್ಕೆ ಬಂತು. ಹನ್ನೊಂದು ಮಂದಿ ನೋಡುವ ವಿಡಿಯೋವನ್ನು ದೊಡ್ಡಕ್ಕ ನೋಡಲಾರರು. ಹನ್ನೆರಡು ಸಾವಿರ ಮಂದಿ ನೋಡುವುದನ್ನು?

ಸಂಜೆ ಆರಕ್ಕೆ ಮುಂಚೆ ಎಂದೂ ಬಾರದ ನನ್ನವರು ಅಂದು ಮಧ್ಯಾಹ್ನ ಎರಡಕ್ಕೇ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಪ್ರೆಸ್ಸಲ್ಲಿ ಬೈಂಡಿಂಗ್‌ನವರು ಕೆಲಸ ಬಿಟ್ಟು ಮೊಬೈಲ್ ಸುತ್ತ ಕೂತಿದ್ರು. ಹತ್ರ ಹೋದ್ರೆ ನಿನ್ನ ಧ್ವನಿ."

"ಏನಂದ್ರು?"

"ಇಬ್ಬರು ಅಳ್ತಿದ್ರು."

ಒಂದು ಕ್ಷಣ, ಒಂದೇ ಒಂದು ಕ್ಷಣ, ನನಗೆ ಹೆಮ್ಮೆಯಾಯಿತು.

"ಅದು ನಮ್ಮಕ್ಕ ಕಣೇ," ಎಂದು ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "‘ದ್ರೋಹಿ’ ಅನ್ನೋ ಪದ ಒಂಬತ್ತು ಸಲ ಬಂದಿದೆ. ಒಂದು ಸಲನಾದ್ರೂ ‘ಎನ್ನಲಾಗಿದೆ’ ಅಂತ ಹಾಕಬಾರದಿತ್ತಾ?"

"ದೊಡ್ಡಕ್ಕನಿಗೆ ಗೊತ್ತಾಗುತ್ತಾ?"

"ಅಕ್ಕನ ಹತ್ರ ಕಾರು ಕಲಿತವರೇ ಈ ಊರಲ್ಲಿ ಎರಡು ಸಾವಿರ ಜನ ಇದ್ದಾರೆ. ಅದು ಹಾಗಿರಲಿ. ಕೆಳಗಿನ ಕಾಮೆಂಟ್ ಓದಿದ್ಯಾ?"

ನಾನು ಓದಿದ್ದೆಲ್ಲ ನನ್ನನ್ನು ಹೊಗಳಿದವು ಮಾತ್ರ. ಕೆಳಗಿಳಿದೆ. ಒಬ್ಬರು ಬರೆದಿದ್ದರು: "ಈ ಮೂಗು, ಈ ಕಪ್ಪು ಕನ್ನಡಕ ಎಲ್ಲೋ ನೋಡಿದ ಹಾಗಿದೆ. ಮಾರ್ಕೆಟ್ ರಸ್ತೆಯ ಕನ್ನಡಕದ ಅಂಗಡಿಯವನಲ್ಲವೇ?" ಅದರ ಕೆಳಗೆ: "ಅವನೇ. ನನ್ನ ಕನ್ನಡಕ ಅಲ್ಲಿಯದು. ಇವತ್ತಿನಿಂದ ಹಾಕುವುದಿಲ್ಲ." ಅದರ ಕೆಳಗೆ: "ಹೋಗಿ ಕೇಳೋಣ, ಯಾರ್ಯಾರು ಬರುತ್ತೀರಿ?" ಬರುತ್ತೇನೆಂದು ಕೈ ಎತ್ತಿದವರು ಮೂವತ್ತೆರಡು ಜನ.

ಆ ಮನುಷ್ಯ ದಿನವೂ ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಕೂರುತ್ತಾರಂತೆ. ನಾನು ಎಳೆದ ಪಟ್ಟಿ ಅವರ ಮೂಗಿನ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಪಟ್ಟಿ ಎಳೆಯದಿದ್ದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ.

ಜನರನ್ನು ಅಳಿಸಲು ಹೊರಟವಳು ವಿಡಿಯೋ ಅಳಿಸಲು ಕೂತೆ. ಮೂರು ಸಲ ತಪ್ಪು ಗುಂಡಿ ಒತ್ತಿದೆ. ಕೊನೆಗೂ ಹೋಯಿತು, ನಲವತ್ತು ಸಾವಿರದ ಹತ್ತಿರ ಬಂದಿದ್ದಾಗ. ಉಸಿರು ಬಿಟ್ಟು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಇನ್ಯಾರೋ ಪುಣ್ಯಾತ್ಮ ಅದನ್ನೇ ತನ್ನ ಚಾನೆಲ್ಲಿಗೆ ಹಾಕಿಕೊಂಡಿದ್ದ. ನಾನು ಹಾಕದ ಗುಡುಗು, ಸಿಡಿಲನ್ನೂ ಸೇರಿಸಿದ್ದ. ದ್ರೋಹಿ ಎಂದಾಗಲೆಲ್ಲ ಒಂದು ಸಿಡಿಲು. ಒಟ್ಟು ಒಂಬತ್ತು.

"ನಾಳೆ ಹೋಗಿ ಆ ಮನುಷ್ಯನ ಕಾಲು ಹಿಡಿ," ಎಂದರು ನನ್ನವರು.

"ನೀವೂ ಬನ್ನಿ."

"ನಾನು ಬಂದ್ರೆ ಹುಡುಗಿಯ ತಮ್ಮ ಹೊಡೆಯೋಕೆ ಬಂದ ಅಂತ ಇನ್ನೊಂದು ವಿಡಿಯೋ ಆಗುತ್ತೆ."

ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ತಡವಾಗಿ ಬರುತ್ತೇನೆಂದು ಹೇಳಿ ಮಾರ್ಕೆಟ್ ರಸ್ತೆಗೆ ಹೋದೆ. ಎದುರಿನ ಫುಟ್‌ಪಾತಿನಲ್ಲಿ ಇಬ್ಬರು ಹೆಂಗಸರು ಕೈ ತೋರಿಸಿ ಮಾತಾಡುತ್ತಿದ್ದರು. ಅಂಗಡಿಯ ಗಾಜಿಗೆ ಯಾರೋ ಕಾಗದ ಅಂಟಿಸಿದ್ದರು. ದ್ರೋಹಿ ಎಂದು ದಪ್ಪ ಅಕ್ಷರ. ನನ್ನದೇ ಪದ. ಸಣಕಲು ಮೈಯ, ಕಪ್ಪು ಕನ್ನಡಕದ ಮನುಷ್ಯರೊಬ್ಬರು ಬ್ಲೇಡಿನಿಂದ ಅದನ್ನು ಕೆರೆಯುತ್ತಿದ್ದರು. ‘ದ್ರೋ’ ಹೋಗಿತ್ತು, ‘ಹಿ’ ಉಳಿದಿತ್ತು.

"ಬನ್ನಿ," ಎಂದರು. "ಕಣ್ಣು ಪರೀಕ್ಷೆನಾ?"

ಕ್ಷಮೆ ಕೇಳಲು ತೆರೆದ ಬಾಯಿಂದ "ಹೌದು" ಎಂದು ಬಂತು. ಅವರು ನನ್ನನ್ನು ಕೂರಿಸಿ, ಯಂತ್ರದ ಮೇಲೆ ಗದ್ದ ಇಡಿಸಿದರು.

"ಮೇಲಿನ ಸಾಲು ಓದಿ."

ಓದಿದೆ. ಅವರು ಯಂತ್ರದ ಹಿಂದಿನಿಂದ ತಲೆ ಎತ್ತಿದರು.

"ಕೆಳಗಿನದು?"

ಓದಿದೆ.

"ಈಗ ‘ಕಿಟಕಿಯ ಬಳಿ ಕಾದೇ ಇದ್ದಾಳೆ’ ಅನ್ನಿ."

ನಾನು ಗದ್ದ ತೆಗೆಯಲಿಲ್ಲ. ತೆಗೆದರೆ ಅವರ ಮುಖ ನೋಡಬೇಕಾಗುತ್ತಿತ್ತು. ಅಲ್ಲಿ ಕೂತೇ, ಆ ಯಂತ್ರಕ್ಕೇ ತಪ್ಪೊಪ್ಪಿಗೆ ಮಾಡಿದವಳಂತೆ, ನಾನು ಯಾರು, ಏನು ಮಾಡಿದೆ, ಎಲ್ಲ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಬೆಳಿಗ್ಗೆಯಿಂದ ನೀವೇ ಮೊದಲ ಗಿರಾಕಿ," ಎಂದರು. "ನನ್ನ ಮಗಳು ಇವತ್ತು ಕಾಲೇಜಿಗೆ ಹೋಗ್ಲಿಲ್ಲ. ಹೆಂಡತಿ ಏನೂ ಕೇಳ್ತಿಲ್ಲ. ಕೇಳದೇ ಇರೋದೇ ಕಷ್ಟ."

"ನೀವು ಯಾಕೆ ಬರಲಿಲ್ಲ ಅಂತ ಹೇಳಿಬಿಡಿ, ಅದನ್ನೂ ಹಾಕ್ತೀನಿ," ಎಂದೆ. ಆಗಲೂ ನನ್ನೊಳಗಿನ ಚಾನೆಲ್ ಮಲಗಿರಲಿಲ್ಲ.

"ನಾನು ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಕಿಟಕಿ ಹತ್ರ ಕಾಯ್ತಿದ್ದಾರೆ ಅಂದ್ರಲ್ಲ, ಅವರಿಗೆ."

ಹೊರಡುವಾಗ ಒಂದು ಚೀಟಿ ಕೊಟ್ಟರು. ನೋಟೀಸು ಇರಬಹುದೆಂದು ಹೆದರಿ ಬಿಡಿಸಿದೆ. "ನಿಮಗೆ ನಿಜವಾಗ್ಲೂ ಕನ್ನಡಕ ಬೇಕು," ಎಂದರು. "ಕೆಳಗಿನ ಸಾಲಲ್ಲಿ ನಾಲ್ಕು ತಪ್ಪು ಓದಿದ್ರಿ."

ಅಲ್ಲಿಂದ ಡ್ರೈವಿಂಗ್ ಸ್ಕೂಲಿಗೆ ನಡೆದರೆ ಹತ್ತು ನಿಮಿಷದ ದಾರಿ. ನಾನು ಅರ್ಧ ಗಂಟೆ ತೆಗೆದುಕೊಂಡೆ. ದೊಡ್ಡಕ್ಕ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನಲ್ಲಿದ್ದರು. ಸ್ಟೀರಿಂಗ್ ಹಿಡಿದಿದ್ದವರು ಒಬ್ಬ ನಿವೃತ್ತ ಮೇಷ್ಟ್ರು, ಹಗ್ಗ ಹಿಡಿದಂತೆ ಹಿಡಿದಿದ್ದರು. ನನ್ನನ್ನು ಕಂಡು ದೊಡ್ಡಕ್ಕ ಹಿಂದಿನ ಬಾಗಿಲು ತೆರೆದು, "ಹತ್ತು," ಎಂದರು.

"ದೊಡ್ಡಕ್ಕ, ಒಂದು ವಿಷಯ ಹೇಳ್ಬೇಕಿತ್ತು."

"ನೋಡಿದೆ."

"ಪೂರ್ತಿನಾ?"

"ಎರಡು ಸಲ. ಮೇಷ್ಟ್ರೇ, ಕ್ಲಚ್." ಕಾರು ಒಮ್ಮೆ ಕುಪ್ಪಳಿಸಿತು. "ಕಿಟಕಿ ಅಂತೆ. ನನ್ನ ರೂಮಿಗೆ ಕಿಟಕಿ ಎಲ್ಲಿತ್ತು? ಸ್ಟೋರ್‌ರೂಮ್ ಅದು. ಕೂದಲು ಬೆಳ್ಳಗಾಯ್ತಂತೆ. ಬ್ರೇಕ್. ನಾನು ತಿಂಗಳಿಗೊಂದ್ಸಲ ಬಣ್ಣ ಹಾಕ್ತೀನಿ, ನಿನಗೇ ಗೊತ್ತಿದೆ. ಬ್ರೇಕ್ ಅಂದೆ ಮೇಷ್ಟ್ರೇ."

ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಬಡಿದದ್ದು ಸರಿಯಾಗಿದೆ ಅನ್ನಿಸಿತು. ಹಣೆ ಹಿಡಿದುಕೊಂಡೇ ಕನ್ನಡಕದ ಅಂಗಡಿಯ ಗಾಜು, ಬ್ಲೇಡು, ಕಾಲೇಜಿಗೆ ಹೋಗದ ಮಗಳು, ಎಲ್ಲ ಹೇಳಿದೆ. ಇದಾವುದೂ ದೊಡ್ಡಕ್ಕನಿಗೆ ಗೊತ್ತಿರಲಿಲ್ಲ. ಕಾರನ್ನು ರಸ್ತೆ ಪಕ್ಕಕ್ಕೆ ತೆಗೆಸಿ, ಎಂಜಿನ್ ಆರಿಸಲು ಹೇಳಿದರು.

"ಅವರು ಓಡಿಹೋಗಲಿಲ್ಲ," ಎಂದರು. "ನಾನೇ ಬರಬೇಡಿ ಅಂದಿದ್ದೆ. ಲೈಸೆನ್ಸ್ ಟೆಸ್ಟಿಗೆ ಎಂಟು ತಿಂಗಳು ಕಾದಿದ್ದೆ. ಮದುವೆ ದಿನವೇ ತಾರೀಕು ಬಂತು. ಮದುವೆ ಆದ್ಮೇಲೆ ನಿನಗ್ಯಾಕೆ ಕಾರು ಅಂದ್ರು ಅಪ್ಪ. ಅಪ್ಪನಿಗೆ ಎದುರು ಹೇಳೋ ಧೈರ್ಯ ಇರಲಿಲ್ಲ. ಹೋಗಿ ಮದುವೆ ಗಂಡಿನ ಹತ್ರನೇ ಹೇಳಿದೆ. ಈ ಮದುವೆ ನನಗೆ ಬೇಡ, ಆದ್ರೆ ಬೇಡ ಅನ್ನೋಕೆ ಬಾಯಿಲ್ಲ ಅಂತ. ಅವರು ‘ಸರಿ, ನಾನೇ ಬರಲ್ಲ. ಬೈಗುಳ ನನಗಿರಲಿ, ನೀವು ಟೆಸ್ಟ್ ಕೊಡಿ’ ಅಂದ್ರು. ಹಾಲಲ್ಲಿ ಎಲ್ಲರೂ ಕೂಗಾಡ್ತಿದ್ದಾಗ ನಾನು ಹಿಂದಿನ ಬಾಗಿಲಿಂದ ಹೋಗಿ ಟೆಸ್ಟ್ ಕೊಟ್ಟು ಬಂದೆ."

"ಮತ್ತೆ ಮೂರು ದಿನ ಅತ್ತಿದ್ದು?"

"ಫೇಲಾದೆ ಕಣೇ. ಮದುವೆ ಸೀರೆ ಕಾಲಿಗೆ ಸಿಕ್ಕಿ, ರಿವರ್ಸಲ್ಲಿ ಕಂಬಕ್ಕೆ ಗುದ್ದಿದೆ. ಅದಕ್ಕಿಂತ ದುರಂತ ಬೇಕಾ ನಿನಗೆ?"

"ಎಷ್ಟನೇ ಸಲಕ್ಕೆ ಪಾಸಾಯ್ತು?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ನಾಲ್ಕನೇದಕ್ಕೆ. ನಿಮಗೆ ಧೈರ್ಯ ಬರಲಿ ಅಂತ ಹೇಳ್ತಿದ್ದೀನಿ."

"ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ದೊಡ್ಡಕ್ಕ?"

"ಅಪ್ಪ ಇರೋವರೆಗೂ ಹೇಳೋಕಾಗಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ." ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನೀನೂ ಕೇಳಲಿಲ್ಲ. ಹನ್ನೆರಡು ನಿಮಿಷ ಮಾತಾಡಿದೆ, ಒಂದು ಫೋನ್ ಮಾಡಲಿಲ್ಲ."

ನಾನು ಕನ್ನಡಕದ ಚೀಟಿಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದೆ.

ದೊಡ್ಡಕ್ಕ ಕಾರಿನಿಂದಿಳಿದು ಬಾನೆಟ್ಟಿಗೆ ಒರಗಿ ನಿಂತರು. "ಮೊಬೈಲ್ ತೆಗಿ. ನನ್ನ ಹೆಸರು ಹಾಕು, ಮುಖ ತೋರಿಸು. ಪಟ್ಟಿಗಿಟ್ಟಿ ಎಳೀಬೇಡ." ನಾನು ಅಭ್ಯಾಸಬಲದಿಂದ "ಬಂಧುಗಳೇ, ಈ ದಿನ ಮತ್ತೊಮ್ಮೆ ಭಾರವಾದ ಹೃದಯದಿಂದ" ಎಂದು ಶುರು ಮಾಡಿದೆ.

"ನೀನು ಬಾಯಿ ಮುಚ್ಚು," ಎಂದರು ದೊಡ್ಡಕ್ಕ. ಅದೂ ವಿಡಿಯೋದಲ್ಲಿದೆ.

ನಾಲ್ಕು ನಿಮಿಷ ಮಾತಾಡಿದರು. ಕೊನೆಗೆ, "ಆ ಮನುಷ್ಯನ ಅಂಗಡಿ ಗಾಜಿಗೆ ಕಾಗದ ಅಂಟಿಸಿದವರು ಹೋಗಿ ತೊಳೆದು ಬನ್ನಿ" ಎಂದರು. ಕ್ಲಚ್ ಎನ್ನುವ ಧ್ವನಿಯಲ್ಲೇ ಹೇಳಿದರು. ಶನಿವಾರದ ಹೊತ್ತಿಗೆ ಎಂಬತ್ತು ಸಾವಿರ ಜನ ನೋಡಿದ್ದರು. ನಿಜವಾಗಿಯೂ ನಾಲ್ಕು ಜನ ಬಕೆಟ್ ಹಿಡಿದು ಹೋದರಂತೆ, ಅದರಲ್ಲಿ ಇಬ್ಬರು ಕನ್ನಡಕ ಕೊಂಡು ಬಂದರಂತೆ. ಮಗಳು ಕಾಲೇಜಿಗೆ ಹೋದಳು. ಡ್ರೈವಿಂಗ್ ಸ್ಕೂಲಿಗೆ ಹದಿನೆಂಟು ಹೆಂಗಸರು ಹೊಸದಾಗಿ ಸೇರಿದರು. ನಾನು ನನ್ನ ತಪ್ಪನ್ನು ಬರೆದು, ನನ್ನವರ ಕೈಯಲ್ಲಿ ಎರಡು ಸಲ ತಿದ್ದಿಸಿ, ಚಾನೆಲ್ಲಿನಲ್ಲಿ ಎಲ್ಲದಕ್ಕಿಂತ ಮೇಲೆ ಹಾಕಿ, ‘ಒದ್ದೆ ಕರವಸ್ತ್ರ’ವನ್ನು ಮಡಿಸಿಟ್ಟೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಸ್ಪೀಕರ್ ಹಾಕಿದೆ. ಕನ್ನಡಕದ ಅಂಗಡಿಯವರ ಹೆಂಡತಿ. ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

"ನಿಮ್ಮನ್ನ ಬೈಯೋಕೆ ಮಾಡಲಿಲ್ಲ," ಎಂದರು ಆಕೆ. "ನನ್ನ ಗಂಡ ಒಳ್ಳೆಯವರು ಅಂತ ಈಗ ಊರಿಗೆಲ್ಲ ಗೊತ್ತಾಗಿದೆ. ಆದ್ರೆ ನೋಡಿ, ಇಂಥ ವಿಷಯನ ಇಪ್ಪತ್ತಾರು ವರ್ಷ ಹೊಟ್ಟೇಲಿಟ್ಟುಕೊಂಡು ಒಂದು ದಿನ ಬಾಯಿ ಬಿಟ್ಟಿಲ್ಲ ಈ ಮನುಷ್ಯ. ಇನ್ನೂ ಏನೇನಿದೆಯೋ ಒಳಗೆ? ನನಗೆ ಗುರುವಾರದಿಂದ ನಿದ್ದೆ ಇಲ್ಲ. ನೀವಾದ್ರೆ ಬೇರೆಯವರ ಮನೆ ವಿಷಯ ಕೆದಕೋದ್ರಲ್ಲಿ ಎತ್ತಿದ ಕೈ. ಒಂದು ಸಲ ಬಂದು ಕೇಳಿ ನೋಡ್ತೀರಾ?"

ನಾಚಿಕೆಯ ಮಾತು, ಆದರೂ ಹೇಳುತ್ತೇನೆ. "ಎಷ್ಟು ಹೊತ್ತಿಗೆ ಬರಲಿ" ಎಂಬುದು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನನ್ನವರು ಎಡಗೈ ಚಾಚಿ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅಮ್ಮಾ, ನಾನು ಇವಳ ಗಂಡ. ಇವಳಿಗೆ ಗಂಟಲು ಕಟ್ಟಿದೆ. ಇನ್ನು ಮೂರು ವರ್ಷ ಹೀಗೇ ಇರುತ್ತೆ ಅಂದಿದ್ದಾರೆ ಡಾಕ್ಟರು."

ಹೇಳಿ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿ, ಫೋನಿನ ಹತ್ತಿರ ಬಾಯಿ ತಂದು, ಎರಡು ಸಲ ಕೆಮ್ಮಿದೆ.