ನಲ್ಲಿ ಸರದಿಯಲ್ಲಿ ನನ್ನ ಬಿಂದಿಗೆ

ಮನೆಯೊಳಗೇ ನೀರು ಬಂದರೆ ಬೇಜಾರು ಮಾಡಿಕೊಳ್ಳುವವರು ಇದ್ದಾರೆಯೇ? ಇದ್ದಾರೆ, ನಾನೇ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಮಾಕಳಿಯ ಹತ್ತಿರದ ನಮ್ಮ ಬೀದಿಯಲ್ಲಿ ಮೊದಲು ಎಲ್ಲರಿಗೂ ಒಂದೇ ನಲ್ಲಿ. ಬೆಳಿಗ್ಗೆ ಬಿಂದಿಗೆ ಹಿಡಿದು ಸರದಿಯಲ್ಲಿ ನಿಂತರೆ ಸಾಕು, ಯಾರ ಮನೆಯಲ್ಲಿ ಏನು ಸಾರು, ಯಾರ ಮಗಳು ಯಾವ ಗಂಡನ್ನು ಒಲ್ಲೆ ಎಂದಳು, ಎಲ್ಲವೂ ಬಿಂದಿಗೆ ತುಂಬುವಷ್ಟರಲ್ಲಿ ಗೊತ್ತಾಗುತ್ತಿತ್ತು. ನಾನು ಐವತ್ತು ದಾಟಿದ ಬ್ರಹ್ಮಚಾರಿ. ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲ. ಇಡೀ ದಿನ ನಾನು ಆಡುತ್ತಿದ್ದ ಮಾತೆಲ್ಲ ಆ ಅರ್ಧ ಗಂಟೆಯದೇ.

ಹೀಗಿರುವಾಗ ನೀರು ಸರಬರಾಜಿನ ಗಡಿಯ ನಿಯಮ ಬದಲಾಯಿತು. ಎಲ್ಲೋ ಕುಳಿತ ಯಾರೋ ನಕ್ಷೆಯಲ್ಲಿ ನಮ್ಮ ಬೀದಿಯ ನಡುವೆಯೇ ಗೆರೆ ಎಳೆದರು. ನನ್ನ ಸಾಲಿನ ಮನೆಗಳು ನಗರದ ನೀರಿಗೆ ಸೇರಿದವು. ಎದುರು ಸಾಲು ಹಳೇ ನಲ್ಲಿಗೇ ಉಳಿಯಿತು, ಅದೂ ದಿನ ಬಿಟ್ಟು ದಿನ. ನನ್ನ ಅಡುಗೆಮನೆಗೆ ಪೈಪು ಬಂತು. ತಿರುಗಿಸಿದರೆ ನೀರೇನೋ ಬರುತ್ತಿತ್ತು, ಆದರೆ 'ಊಟ ಆಯ್ತಾ' ಎಂದು ಕೇಳುವವರಿರಲಿಲ್ಲ.

ಒಂದು ವಾರ ತಡೆದೆ. ಆಮೇಲೆ ಬಿಂದಿಗೆ ಹಿಡಿದು ಎದುರಿನವರ ಸರದಿಯಲ್ಲಿ ನಿಂತು, ಪೈಪು ಕೆಟ್ಟಿದೆ ಎಂದು ರೈಲು ಬಿಟ್ಟೆ. ಪಾಪ, ನಂಬಿದರು. ತಂದ ನೀರನ್ನು ಕುಂಡದ ದಾಸವಾಳಕ್ಕೆ ಸುರಿಯುತ್ತಿದ್ದೆ. ಮೂರು ಸರದಿಯಾಗುವಷ್ಟರಲ್ಲಿ ಗಿಡದ ಬೇರು ಕೊಳೆಯತೊಡಗಿತು.

ನಾಲ್ಕನೆಯ ಸರದಿಗೆ ಜ್ವರದಿಂದ ಹೋಗಲಾಗಲಿಲ್ಲ. ಎದುರು ಮನೆಯ ಪುಟ್ಟಮ್ಮ, ಮಂಡಿನೋವಿನ ಹೆಂಗಸು, ತಮ್ಮ ಪಾಲಿನ ಒಂದು ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ನನ್ನ ಬಾಗಿಲಿಗೆ ಬಂದರು. ಒಳಗೆ ನನ್ನ ನಲ್ಲಿ ಬಕೆಟ್ಟಿಗೆ ಭರ್ರೆಂದು ಸುರಿಯುತ್ತಿತ್ತು. ಅವರು ಒಮ್ಮೆ ನಲ್ಲಿಯನ್ನು, ಒಮ್ಮೆ ನನ್ನನ್ನು ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಾತಾಡೋರ್ ಬೇಕಿದ್ರೆ ಬರೀ ಕೈಲಿ ಬನ್ನಿ ಸಾರ್. ನಮ್ ನೀರ್ ಯಾಕ್ ತಕ್ಕೊಂಡೋಯ್ತೀರ?" ಎಂದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ಸರದಿಗೆ ಬರಿಗೈಯಲ್ಲೇ ಹೋದೆ. ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡುವಷ್ಟರಲ್ಲಿ, ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿರುವ ಯಲ್ಲವ್ವ, "ಸರ, ನೀವ್ ಹೆಂಗೂ ಖಾಲಿ ಅದೀರಿ, ನಮ್ ಕೊಡಾ ನೋಡ್ಕೋರಿ, ರೊಟ್ಟಿ ಬಡದು ಬರ್ತೀನಿ" ಎಂದು ಹೊರಟಳು. ಅದನ್ನು ಕೇಳಿ ಪುಟ್ಟಮ್ಮನೂ ಹೋದರು, ಉಳಿದವರೂ ಹೋದರು. ಈಗ ದಿನ ಬಿಟ್ಟು ದಿನ ನನಗೆ ಇದೇ ಉದ್ಯೋಗ. ಹನ್ನೊಂದು ಬಿಂದಿಗೆ ಕಾಯುತ್ತಾ ಒಬ್ಬನೇ ನಿಂತಿರುತ್ತೇನೆ. ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ಇಷ್ಟು ನಂಬುವ ಬೀದಿ ಇನ್ನೊಂದಿರಲಾರದು. ಮಾತಾಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.